ಕರಿ ಅನ್ನದ ಬೆನ್ನು ಹತ್ತಿ ಸಲಾಲಾಕ್ಕೆ

ಮಾನ್ವಿ, ಹೊರಡುವ ಮೊದಲು

ಇಲ್ಲಿ ಬರೆಯುವುದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನು ಆಮೇಲೆ ಸೇರಿಸಿಕೊಂಡದ್ದು ಎಂಬುದು ನನಗೇ ಖಾತ್ರಿಯಿಲ್ಲ. ಒಮಾನ್ ದೇಶದ ಸಲಾಲಾ ಎಂಬ ಊರಿಗೆ ಹೋಗಿ ಬಂದದ್ದು ಖರೆ. ಪಾಸ್‌ಪೋರ್ಟಿನಲ್ಲಿ ಮುದ್ರೆ ಇದೆ. ಆದರೆ ನಾನು ಹೋದದ್ದು ಆರು ವರ್ಷದವನಿದ್ದಾಗಿನ ಒಂದು ಮಧ್ಯಾಹ್ನವನ್ನು ಹುಡುಕಿಕೊಂಡು. ಅದಕ್ಕೆ ಯಾರೂ ಮುದ್ರೆ ಒತ್ತಿಲ್ಲ.

ನೆನಪು ಇಷ್ಟು. ರಾಯಚೂರಿನ ಒಂದು ಅಂಗಳ, ಎತ್ತರದ ಗೋಡೆ. ಚಾಪೆಯ ನಡುವೆ ಬಹಳ ದೊಡ್ಡ ತಾಟು. ಅದರಲ್ಲಿ ಕಂದು ಬಣ್ಣದ ಅನ್ನ, ಮೇಲೆ ಹುರಿದ ಮೀನು. ಮದರಂಗಿ ಹಚ್ಚಿದ ಕೆಂಪು ಗಡ್ಡದ ಮನುಷ್ಯನೊಬ್ಬ ಮೀನಿನ ಮುಳ್ಳು ಬಿಡಿಸಿ ತುಂಡನ್ನು ನಮ್ಮ ಆಯಿಯ ಕಡೆಗೆ ಸರಿಸುತ್ತಾನೆ. ಆಯಿ ಅಂದರೆ ನನ್ನ ಅಪ್ಪನ ಅವ್ವ. ಅವಳ ಕೈ, ಆ ಮನೆಯವರ ಕೈ ಎಲ್ಲಾ ಒಂದೇ ತಾಟಿನಲ್ಲಿ. ಬಾಯಲ್ಲಿ ಹುಳಿ, ಹುಳಿಯ ಹಿಂದೆ ಸಣ್ಣಗೆ ಕಹಿ. ಆ ಅನ್ನ ಮಾಡಿದವಳು ಆಯಿಯೇ ಎಂದು ನನ್ನ ನೆನಪು ಹೇಳುತ್ತದೆ. ನಾನು ಅದಕ್ಕೆ ಮನಸ್ಸಿನಲ್ಲೇ ಕರಿ ಅನ್ನ ಎಂದು ಹೆಸರಿಟ್ಟಿದ್ದೆ.

ಇದು ಆಗಲು ಸಾಧ್ಯವಿಲ್ಲ ಎನ್ನುವುದು ಅಕ್ಕನ ವಾದ. ಆಯಿ ರಾಯಚೂರಿನ ಗಂಜಿನಲ್ಲಿ, ಅಂದರೆ ಕಾಳುಕಡಿಯ ಮಾರುಕಟ್ಟೆಯಲ್ಲಿ, ದಬ್ಬಣ ಹಿಡಿದು ಗೋಣಿಚೀಲದ ಬಾಯಿ ಹೊಲಿಯುವ ಕೂಲಿ. ನಮ್ಮದು ಊರಾಚೆಯ ಕೇರಿ. ಚಹಾದಂಗಡಿಯಲ್ಲಿ ನಮ್ಮವರ ಕಪ್ಪು ಬೇರೆ, ಅದನ್ನು ತೊಳೆದಿಡುವವರೂ ನಮ್ಮವರೇ. ಅಂಥ ಕಾಲದಲ್ಲಿ ಯಾರ ಅಡುಗೆಮನೆ ಇವಳಿಗೆ ಬಾಗಿಲು ತೆರೆದೀತು?

ಅಕ್ಕ ಮಾನ್ವಿಯಲ್ಲಿ ಶಾಲೆಯ ಶಿಕ್ಷಕಿಯಾಗಿದ್ದು ನಿವೃತ್ತಳಾದವಳು. ನಾನು ರಾಯಚೂರಿನ ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳುವವನು. ನಮ್ಮ ಹಳೆಯ ಕೇರಿಯಲ್ಲಿ ಹೆಣ್ಣುಮಕ್ಕಳಿಗೆ ಓದುವ ಕೋಣೆಯೊಂದನ್ನು ಕಟ್ಟಿಸಿ ಆಯಿಯ ಹೆಸರಿಡಲು ಅಕ್ಕ ಮುಂದಾಗಿದ್ದಳು. ದಸರೆಗೆ, ಧಮ್ಮಚಕ್ರ ಪ್ರವರ್ತನೆಯ ದಿನ, ಅದು ತೆರೆಯಬೇಕು. ಒಳಗೋಡೆಯ ಮೇಲೆ ಬರೆಸಲು ಆಯಿಯ ಬಗ್ಗೆ ಹತ್ತು ಸಾಲು ಬರೆದಿಟ್ಟಿದ್ದಳು. ಏಳನೆಯ ಸಾಲು ಹೀಗಿತ್ತು: "ನಮ್ಮ ಆಯಿಯ ಕೈ ಮುಟ್ಟಿದ್ದನ್ನು ಕೇರಿಯ ಹೊರಗೆ ಯಾರೂ ಉಣ್ಣಲಿಲ್ಲ."

"ಈ ಸಾಲು ತಪ್ಪದ ಅಕ್ಕಾ," ಅಂದೆ. "ಚಾವೂಸರ ಮನ್ಯಾಗ ಉಂಡಾರ."

ಚಾವೂಸರೆಂದರೆ ನಿಜಾಮನ ಕಾಲದಲ್ಲಿ ಅರಬಸ್ತಾನದಿಂದ ಸಿಪಾಯಿಗಳಾಗಿ ಬಂದವರ ಪೀಳಿಗೆ. ರಾಯಚೂರಿನಲ್ಲೂ ಒಂದೆರಡು ಮನೆಗಳಿದ್ದವು.

"ಕಂಡಾಂವ ನೀ. ಆರು ವರ್ಷದಾಂವ. ಆಗ ನೀ ಚಂದ್ರನ್ನ ಹಿಡೀತೀನಂತ ಕುಂಬಿ ಏರಿದ್ದಿ, ಅದೂ ಖರೇನ?"

"ಅದು ಬ್ಯಾರೆ."

"ಏನ್ ಬ್ಯಾರೆ? ನೋಡು ತಮ್ಮಾ, ಒಂದು ಮನಿಯವರು ಉಂಡ್ರು ಅಂತ ಗ್ವಾಡಿ ಮ್ಯಾಲ ಬರದ್ರ, ಉಳಿದ ಸಾವಿರ ಮನಿಯವರು ಆ ಒಂದು ಮನಿ ಹಿಂದ ಅಡಗಿಕೊಂತಾರ. ಹಿಂದಕ ಎಲ್ಲಾ ಚಲೋನs ಇತ್ತು ಅಂತಾರ. ನಿನ್ನ ಬಾಯಿ ರುಚಿ ಸಲುವಾಗಿ ನಾ ಅವರಿಗೆ ಮಾಫಿ ಕೊಡಬೇಕೇನು?"

ಅವಳು ಕನ್ನಡಕ ತೆಗೆದು ಹೇಳಿದಳು: "ದಸರಿ ತನಕ ಟೈಮ್ ಅದ. ಪುರಾವೆ ತಂದ್ರ ತಗೀತೀನಿ. ಬಾಯಿಮಾತು ಬ್ಯಾಡ."

ನೆನಪಿನ ಇನ್ನೊಂದು ತುಣುಕನ್ನು ನಾನು ಅವಳಿಗೂ ಹೇಳಿರಲಿಲ್ಲ. ಆ ಅಂಗಳದಲ್ಲಿ ಆಯಿ ಕಪ್ಪಾದ ನಿಂಬೆಕಾಯಿಗಳ ರಾಶಿಯ ಮುಂದೆ ಕುಳಿತು ಒಂದೊಂದನ್ನೂ ದಬ್ಬಣದಿಂದ ಚುಚ್ಚುತ್ತಿದ್ದಾಳೆ. ಇದನ್ನು ನಾನೇ ನಂಬಿರಲಿಲ್ಲ. ಆಯಿಯ ಕೈಯಲ್ಲಿ ಸದಾ ದಬ್ಬಣ ಇರುತ್ತಿತ್ತು. ಅದನ್ನೇ ಮನಸ್ಸು ಎತ್ತಿ ಅಲ್ಲಿಟ್ಟಿರಬೇಕು. ಅದೂ ಅಲ್ಲದೆ ನಿಂಬೆಕಾಯಿ ಕಪ್ಪಗಿರುತ್ತದೆಯೇ?

ಇರುತ್ತದೆ ಎಂದು ಹೇಳಿದವನು ಮೌಲಾಲಿ. ಮಾನ್ವಿಯವನು, ಹಾಸ್ಟೆಲಿನಲ್ಲಿ ನನ್ನ ಜೊತೆಗಿದ್ದವನು, ಸಲಾಲಾದಲ್ಲಿ ಇಪ್ಪತ್ತು ವರ್ಷದಿಂದ ಎಲೆಕ್ಟ್ರಿಷಿಯನ್. ಫೋನಿನಲ್ಲಿ ಅಂದ: "ಏ ಮಾಸ್ತರ, ಇಲ್ಲಿ ಒಣಗಿದ ಕರಿ ನಿಂಬಿ ಹಾಕಿ ಮೀನಿನ ಅನ್ನ ಮಾಡ್ತಾರಲೇ. ಬಂದು ಉಂಡು ನೋಡು. ಬರೋವಾಗ ಖಡಕ್ ರೊಟ್ಟಿ, ಗುರೆಳ್ಳು ಚಟ್ನಿ ತಗೊಂಡು ಬಾ."

ಕರೆದದ್ದು ನನ್ನ ನೆನಪಿಗಾಗಿಯೋ ಅವನ ಚಟ್ನಿಗಾಗಿಯೋ ಎಂಬ ಗುಮಾನಿ ಅವತ್ತೇ ಹುಟ್ಟಿತು. ಆದರೂ ಹೊರಟೆ. ಹೊರಡುವ ಮುನ್ನ ಇಡೀ ನೆನಪನ್ನು ಒಂದು ನೋಟುಬುಕ್ಕಿನಲ್ಲಿ ಬರೆದು ದಿನಾಂಕ ಹಾಕಿ ಸಹಿ ಮಾಡಿದೆ. ಅಲ್ಲಿ ಏನು ನೋಡಿದರೂ ಅದು ಹಿಂದಕ್ಕೆ ಹರಿದು ನೆನಪಿಗೆ ಸೇರಿಕೊಳ್ಳುತ್ತದೆ ಎಂಬ ಭಯ.

ಮಸ್ಕತ್, ವಿಮಾನ ನಿಲ್ದಾಣ

ಗುರೆಳ್ಳು ಚಟ್ನಿ ಕಪ್ಪು. ನಮಗೆ ಅದು ಕಪ್ಪು ಎಂದು ಅನಿಸುವುದೇ ಇಲ್ಲ. ಮಸ್ಕತ್ತಿನ ತಪಾಸಣೆಯ ಮೇಜಿನ ಮೇಲೆ, ಬಿಳಿ ದೀಪದ ಕೆಳಗೆ, ಎರಡು ಕಿಲೋ ಕಪ್ಪು ಪುಡಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ನೋಡಿದಾಗ ನನಗೇ ನನ್ನ ಮೇಲೆ ಅನುಮಾನ ಬಂತು.

ಅಧಿಕಾರಿ ಬಿಳಿ ನಿಲುವಂಗಿಯ ಎಳೆಯ ಪ್ರಾಯದವನು, ಹಿಂದಿ ಚೆನ್ನಾಗಿ ಬಲ್ಲವನು. ಇದೇನು ಎಂದ. ತಿನ್ನುವುದು ಎಂದೆ. ಹಾಗಾದರೆ ತಿನ್ನು ಎಂದ.

ರೊಟ್ಟಿ ಇಲ್ಲದೆ, ಎಣ್ಣೆಯಿಲ್ಲದೆ, ಒಂದು ಚಮಚ ಗುರೆಳ್ಳು ಪುಡಿಯನ್ನು ಒಣಬಾಯಿಗೆ ಹಾಕಿಕೊಂಡು ನೋಡಿ. ಗಂಟಲಿಗೆ ಹತ್ತಿ ಕೆಮ್ಮಿದೆ, ಕಣ್ಣಲ್ಲಿ ನೀರು ಬಂತು, ಮೇಜಿನ ಮೇಲೆಲ್ಲಾ ಕಪ್ಪು ಹನಿ. ಆಚೆ ಮೇಜಿನವರೂ ಎದ್ದು ನಿಂತರು. ರಸಾಯನಶಾಸ್ತ್ರದ ಉಪನ್ಯಾಸಕ ಎಂದು ಹೇಳಿಕೊಂಡದ್ದು ಇನ್ನೂ ದೊಡ್ಡ ತಪ್ಪಾಯಿತು. ಆತ ನನ್ನನ್ನೊಮ್ಮೆ, ಪುಡಿಯನ್ನೊಮ್ಮೆ ನೋಡಿದ. ಆಮೇಲೆ ತನ್ನ ಬೆರಳ ತುದಿ ಅದ್ದಿ ನಾಲಿಗೆಗೆ ಇಟ್ಟುಕೊಂಡು ಸ್ವಲ್ಪ ಹೊತ್ತು ಯೋಚಿಸಿದ. ಬೆಳ್ಳುಳ್ಳಿ ಹೆಚ್ಚಾಗಿದೆ ಎಂದು ಹೇಳಿ ಚೀಲ ಕಟ್ಟಿಕೊಟ್ಟ.

ಅವನು ಹೇಳಿದ್ದು ಸರಿಯಾಗಿತ್ತು. ಚಟ್ನಿ ಕುಟ್ಟಿದವಳು ಅಕ್ಕ, ಅವಳದು ಯಾವಾಗಲೂ ಬೆಳ್ಳುಳ್ಳಿ ಹೆಚ್ಚು.

ಸಲಾಲಾ, ಮೊದಲ ದಿನ

ಅರಬ ದೇಶವೆಂದರೆ ಮರಳು ಎಂದುಕೊಂಡು ಹತ್ತಿಯ ಅಂಗಿಗಳನ್ನಷ್ಟೇ ಒಯ್ದಿದ್ದೆ. ಇಳಿದಾಗ ಸೋನೆ. ವರ್ಷಕ್ಕೆ ಎರಡು ಮೂರು ತಿಂಗಳು ಇಲ್ಲಿ ಮಂಜು, ಜಿಟಿಜಿಟಿ ಮಳೆ. ಗುಡ್ಡಗಳು ಹಸಿರು. ಉಳಿದ ಅರಬರೆಲ್ಲಾ ಈ ಜಿಟಿಜಿಟಿಯನ್ನು ನೋಡಲೆಂದೇ ಸಾವಿರಾರು ಮೈಲಿ ಕಾರು ಓಡಿಸಿಕೊಂಡು ಬರುತ್ತಾರೆ. ರಸ್ತೆ ಪಕ್ಕದಲ್ಲಿ ಜಮಖಾನೆ ಹಾಸಿ, ಮಳೆಯಲ್ಲೇ ಕುಳಿತು ಚಹಾ ಕುಡಿಯುತ್ತಾರೆ. ಜಮಖಾನೆ ತೊಯ್ಯುತ್ತದೆ. ಯಾರೂ ಏಳುವುದಿಲ್ಲ.

"ಇವರಿಗೇನಾಗ್ಯದೋ?" ಅಂದೆ.

"ನಿಮ್ಮ ರಾಯಚೂರಾಗ ಮೇ ತಿಂಗಳದಾಗ ಎರಡು ಹನಿ ಬಿದ್ರ ನೀ ಏನ್ ಮಾಡ್ತಿ?" ಮೌಲಾಲಿ ಕೇಳಿದ. "ಮಾಳಗಿ ಏರಿ ನಿಲ್ಲಂಗಿಲ್ಲೇನು? ಅದs ಇದು."

ಇಷ್ಟು ಹೇಳುವಾಗಲೇ ಅವನ ಕೈ ನನ್ನ ಬ್ಯಾಗಿನೊಳಗೆ ರೊಟ್ಟಿ ಹುಡುಕುತ್ತಿತ್ತು.

ಇಲ್ಲಿನವರು ಭೇಟಿಯಾದರೆ ಹೇಗಿದ್ದೀಯಾ ಎಂದು ಒಮ್ಮೆ ಕೇಳಿ ಬಿಡುವುದಿಲ್ಲ. ಏನು ಸುದ್ದಿ, ಏನು ಸಮಾಚಾರ, ಆಮೇಲೆ ಮತ್ತೆ ಏನು ಸುದ್ದಿ. ಮೊದಲ ಉತ್ತರವನ್ನು ನಂಬಲಿಲ್ಲವೇನೋ ಎಂದು ನನಗೆ ಮುಜುಗರ. ಇನ್ನು ಕಾಫಿ. ಗುಬ್ಬಿ ಗುಟುಕಿನಷ್ಟು ಲೋಟ. ಖಾಲಿಯಾದ ಕೂಡಲೇ ತುಂಬುತ್ತಾರೆ. ಮೌಲಾಲಿಯ ಪರಿಚಯದ ಮುದುಕನೊಬ್ಬನ ಮನೆಯಲ್ಲಿ ಮರ್ಯಾದೆಗೆಂದು ಏಳು ಲೋಟ ಕುಡಿದೆ. ಇದು ಹೊಸಬರ ಪರೀಕ್ಷೆ ಇರಬಹುದೇ ಎಂದುಕೊಳ್ಳುತ್ತಿರುವಾಗ ಮೌಲಾಲಿ ಕಿವಿಯಲ್ಲಿ ಅಂದ, "ಸಾಕಂದ್ರ ಲೋಟ ಅಲ್ಲಾಡಸಲೇ. ಮುದುಕ ಪಾಪ, ನಿನಗ ಹಾಕಿ ಹಾಕಿ ಸುಸ್ತಾಗ್ಯಾನ."

ಸಲಾಲಾ, ಮೂರನೆಯ ದಿನ

ಕರಿ ಅನ್ನ ಮಾಡಿ ತೋರಿಸಲು ಒಪ್ಪಿದವಳು ಉಮ್ ಸಾಲಿಂ. ಸಾಲಿಮನ ತಾಯಿ ಎಂದು ಅರ್ಥ. ಅವಳ ಸ್ವಂತ ಹೆಸರನ್ನು ಯಾರೂ ಹೇಳಲಿಲ್ಲ, ಕೇಳಬಾರದೆಂದು ಮೌಲಾಲಿ ಹೇಳಿದ್ದ. ನಮ್ಮಲ್ಲೂ ಇಂಥವನ ಅವ್ವ ಎಂದೇ ಕರೆಸಿಕೊಂಡು ಸತ್ತವರು ಎಷ್ಟೋ ಮಂದಿ. ಎಪ್ಪತ್ತು ದಾಟಿದ ಮುದುಕಿ. ಆಕೆಯ ಹಿರಿಯರು ಗಡಿಯಾಚೆಯ ಯೆಮನ್ ಕಡೆಯವರು, ನಮ್ಮ ಚಾವೂಸರ ಹಿರಿಯರೂ ಆ ದಿಕ್ಕಿನವರೇ. ಮೌಲಾಲಿ ಅವಳ ಮನೆಗೆ ಇಪ್ಪತ್ತು ವರ್ಷದಿಂದ ವೈರಿಂಗ್ ಮಾಡಿಕೊಟ್ಟವನು. ಹಿತ್ತಲಿನ ಚಪ್ಪರದ ಕೆಳಗೆ ಒಲೆ ಹೂಡಿದ್ದಳು.

ನಾನು ಏನನ್ನು ಹುಡುಕುತ್ತಿದ್ದೇನೆಂದು ಅವಳಿಗೆ ಹೇಳಕೂಡದೆಂದು ಮೌಲಾಲಿಗೆ ತಾಕೀತು ಮಾಡಿದ್ದೆ. ಹೇಳಿದರೆ, ಬಂದವರ ಮನಸ್ಸು ನೋಯಿಸಬಾರದೆಂದು ಹೌದು ಹೌದು ಅನ್ನುತ್ತಾರೆ. ಪ್ರಯೋಗ ಕೆಡುತ್ತದೆ.

ಮೊದಲು ಮೀನಿನ ತಲೆಗಳನ್ನು ನೀರಿಗೆ ಹಾಕಿ ಕುದಿಯಲು ಇಟ್ಟಳು. ಮೀನಿನ ತುಂಡುಗಳಿಗೆ ಅರಿಷಿಣ, ಉಪ್ಪು, ಜೀರಿಗೆ ಪುಡಿ ಹಚ್ಚಿ ಹುರಿದು ಬೇರೆ ತೆಗೆದಿಟ್ಟಳು. ಅದೇ ಎಣ್ಣೆಗೆ ಉಳ್ಳಾಗಡ್ಡಿ ಹಾಕಿ ಕೈಯಾಡಿಸತೊಡಗಿದಳು. ಕೆಂಪಗಾಯಿತು. ನಮ್ಮಲ್ಲಾದರೆ ಅಲ್ಲಿಗೆ ಇಳಿಸುತ್ತಾರೆ. ಅವಳು ಇಳಿಸಲಿಲ್ಲ. ಕಂದಾಯಿತು, ಅಂಚು ಕಪ್ಪಾಯಿತು, ಹೊತ್ತಿಹೋಯಿತೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಮೀನಿನ ತಲೆಯ ನೀರನ್ನು ಸುರಿದಳು. ಪಾತ್ರೆಯಿಂದ ಎದ್ದ ಹಬೆಗೆ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಆ ವಾಸನೆ ನನಗೆ ಗೊತ್ತಿತ್ತು.

ಗೊತ್ತಿತ್ತು ಎಂದು ಅನಿಸಿತು, ಎಂದು ಬರೆಯುವುದು ಹೆಚ್ಚು ಸರಿ.

ಆ ಕಂದು ನೀರಿಗೆ ಏಲಕ್ಕಿ, ಮೆಣಸು, ದಾಲ್ಚಿನ್ನಿ. ಆಮೇಲೆ ಡಬ್ಬಿಯಿಂದ ಗೋಲಿಗಿಂತ ದೊಡ್ಡದಾದ, ಹಗುರವಾದ ಎರಡು ಕರಿ ಕಾಯಿ ತೆಗೆದಳು. ಉಪ್ಪುನೀರಲ್ಲಿ ಕುದಿಸಿ ಬಿಸಿಲಿಗೆ ಒಣಗಿಸಿದ ನಿಂಬೆ. ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಅವಳು ದಬ್ಬಣ ತೆಗೆಯಲಿಲ್ಲ. ಕಲ್ಲಿನಿಂದ ಒಂದೇಟು ಹಾಕಿ ಒಡೆದಳು, ಬೀಜಗಳನ್ನು ಉಗುರಿನಿಂದ ಎಬ್ಬಿಸಿ ಎಸೆದಳು, ಸಿಪ್ಪೆಯನ್ನು ಪಾತ್ರೆಗೆ ಹಾಕಿದಳು. ಅಷ್ಟೇ.

ಅಲ್ಲಿಗೆ ನನ್ನ ನೆನಪು ಬಿದ್ದುಹೋಯಿತು. ಒಂದು ಥರದ ಸಮಾಧಾನವೂ ಆಯಿತೆಂದು ಒಪ್ಪಿಕೊಳ್ಳಬೇಕು. ಅನುಮಾನ ನಿಜವಾದಾಗ ಆಗುವ ಸಮಾಧಾನ.

ಆದರೂ ಮೌಲಾಲಿಯಿಂದ ಕೇಳಿಸಿದೆ, ಆದಷ್ಟು ಸಪ್ಪಗೆ: ಇದನ್ನು ಹೀಗೆ ಒಡೆಯುವುದಲ್ಲದೆ ಬೇರೆ ರೀತಿಯೂ ಇದೆಯೇ?

ಉಮ್ ಸಾಲಿಂ ಸೌಟನ್ನು ಆಡಿಸುತ್ತಾ ಬಹಳ ಹೊತ್ತು ಮಾತಾಡಿದಳು. ಮೌಲಾಲಿ ತಲೆಯಾಡಿಸಿ ಕೇಳಿ ನನ್ನ ಕಡೆ ತಿರುಗಿದ.

"ಚುಚ್ಚತಾರಂತ."

"ಇಷ್ಟೇನs? ಐದು ನಿಮಿಷ ಮಾತಾಡಿದ್ಲಲ್ಲೋ!"

"ಉಳಿದದ್ದು ಸೊಸಿಗೆ ಬೈದದ್ದು. ಅದೂ ಬೇಕೇನು?"

"ನೀ ಏನರ ಹೇಳಿಕೊಟ್ಟಿಯೋ ಆಕಿಗೆ?"

"ಅಲ್ಲೋ ಮಾಸ್ತರ, ನಿನ್ನ ಹಾಸ್ಟೆಲಿನ ಚಾದರ ಕದ್ದಾಂವನೂ ನಾನs ಅಂತ ಇನ್ನೂ ಅನುಮಾನ ಅದ ನಿನಗ. ಹೇಳಿಕೊಟ್ಟಿಲ್ಲ ಮಾರಾಯಾ. ಸಮುದ್ರದಿಂದ ದೂರ ಇರೋರು, ನಿಂಬಿ ಸಿಗಲಾರದವರು, ಇಡೀ ಕಾಯಿ ಚುಚ್ಚಿ ಹಾಕ್ತಾರಂತ. ಹುಳಿ ಬಿಟ್ಟ ಮ್ಯಾಲ ತಗದು, ಒಣಗಿಸಿ, ಮತ್ತೊಮ್ಮಿ ಹಾಕ್ತಾರಂತ. ಆಕಿ ಅಜ್ಜಿ ಕಾಲದ ಮಾತು."

ಅಕ್ಕಿ ಹಾಕುವಾಗ ಉಮ್ ಸಾಲಿಂ ಚೀಲವನ್ನು ನನ್ನ ಕಡೆ ತಿರುಗಿಸಿ ನಕ್ಕಳು. ಅಕ್ಕಿ ನಮ್ಮ ದೇಶದ್ದು.

ಉಣ್ಣಲು ಒಂದೇ ತಾಟು. ನೆಲದ ಮೇಲೆ ಕುಳಿತೆವು, ಅವಳ ಮಗ ಸಾಲಿಂ, ಮೌಲಾಲಿ, ನಾನು. ಕುಳಿತಾಗ ನನಗೆ ಸಂಕೋಚ. ಇವರಿಗೆ ನಾನು ಯಾರೆಂದು ಗೊತ್ತಿಲ್ಲ, ಗೊತ್ತಾದರೆ ಏನೋ ಎಂಬ ಹಳೆಯ ಲೆಕ್ಕ ಮೈಯಲ್ಲಿ ತಾನಾಗಿ ಶುರುವಾಗುತ್ತದೆ, ಸಮುದ್ರ ದಾಟಿದರೂ. ಆಗ ಸಾಲಿಂ ಮೀನಿನ ದೊಡ್ಡ ತುಂಡಿನಿಂದ ಮುಳ್ಳು ಬಿಡಿಸಿ, ಬೆರಳಿನಿಂದ ಅದನ್ನು ನನ್ನ ಕಡೆಗೆ ಸರಿಸಿದ. ಅತಿಥಿಗೆ ಹೀಗೆ ಮಾಡುವುದು ರೂಢಿಯಂತೆ.

ಅವತ್ತಿನಿಂದ ಕೆಂಪು ಗಡ್ಡದವನನ್ನು ನೆನೆದರೆ ನನಗೆ ಸಾಲಿಮನ ಕೈ ಕಾಣುತ್ತದೆ. ನಾನು ಹೆದರಿದ್ದು ಇದಕ್ಕೇ. ರಾತ್ರಿ ನೋಟುಬುಕ್ಕು ತೆಗೆದು ನೋಡಿದೆ. 'ಮುಳ್ಳು ಬಿಡಿಸಿ ಆಯಿಯ ಕಡೆಗೆ ಸರಿಸುತ್ತಾನೆ' ಎಂದು ಮೊದಲೇ ಬರೆದಿತ್ತು, ನನ್ನದೇ ಸಹಿಯ ಮೇಲೆ. ಅದನ್ನೂ ಎರಡು ಸಲ ಓದಿದೆ.

ರಾಯಚೂರು

ಕರಿ ನಿಂಬೆಯ ಒಂದು ಡಬ್ಬಿಯೊಂದಿಗೆ ವಾಪಸು ಬಂದೆ. ಬಂದ ವಾರವೇ ಕೋಟೆಯೊಳಗಿನ ಅಂದ್ರೂನ್ ಕಿಲ್ಲಾದಲ್ಲಿ ಆ ಅಂಗಳ ಹುಡುಕಿದೆ. ಮೂವತ್ತು ವರ್ಷದಿಂದ ಇದೇ ಊರಿನಲ್ಲಿದ್ದೂ ಒಮ್ಮೆಯೂ ಯಾಕೆ ಹುಡುಕಲಿಲ್ಲ? ಇಲ್ಲವೆಂದು ಗೊತ್ತಾಗುವುದು ಬೇಡವಾಗಿತ್ತೇನೋ. ಸಲಾಲಾದ ಮಂಜಿನಿಂದ ಬಂದವನಿಗೆ ಇಲ್ಲಿನ ಬಿಸಿಲು ಹೆಗಲ ಮೇಲೆ ಕೈಯಿಟ್ಟು ಒತ್ತಿದ ಹಾಗಿತ್ತು.

ನಾನು ಅಂದುಕೊಂಡ ಜಾಗದಲ್ಲಿ ಮೊಬೈಲ್ ಅಂಗಡಿ, ಮೇಲೆ ಟ್ಯೂಷನ್ ಕೋಣೆ. ಎದುರಿಗೆ ಹೊಲಿಗೆ ಯಂತ್ರದ ಮುಂದಿದ್ದ ಮುದುಕ ದರ್ಜಿಯನ್ನು ಕೇಳಿದೆ. ಆತ ದಾರ ಕಡಿದು ನನ್ನನ್ನು ಮೇಲಿಂದ ಕೆಳಗೆ ನೋಡಿದ.

"ಚಾವೂಸರ ಮನೀನs? ಹೌದ್ರೀ, ಇಲ್ಲೇ ಇತ್ತು. ಮಾರಿ ಹೋದ್ರು. ಒಬ್ಬ ಮಗಳನ್ನ ದೇವದುರ್ಗಕ್ಕ ಕೊಟ್ಟಾರ. ಬಸ್‌ಸ್ಟ್ಯಾಂಡ್ ಹತ್ರ ಬಳಿ ಅಂಗಡಿ. ಜೈನಬ್‌ಬಿ ಅಂತ. ನೀವು ಯಾರ್ ಕಡಿಯವರು? ವಕೀಲರೇನು?"

ಮಾನ್ವಿ, ಭಾನುವಾರ

ದೇವದುರ್ಗಕ್ಕೆ ಹೋಗುವ ಮೊದಲು ಕರಿ ಅನ್ನವನ್ನು ಮನೆಯಲ್ಲಿ ಮಾಡಿ ಅಕ್ಕನಿಗೆ ಉಣಿಸಬೇಕೆಂದು ಮಾನ್ವಿಗೆ ಹೋದೆ. ತುಂಗಭದ್ರೆಯ ಕೊರಮೀನು ತಂದೆ. ಅಕ್ಕಿ ಸಿರವಾರದ ಮಿಲ್ಲಿನ ಹಳೆ ಸೋನಾ. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕುಳಿತಳು. ಪರೀಕ್ಷೆಯ ಮೇಲ್ವಿಚಾರಕಿಯ ಹಾಗೆ.

"ಉಳ್ಳಾಗಡ್ಡಿ ಸುಟ್ಟಿತಲ್ಲೋ!"

"ಸುಡಬೇಕು."

"ದುಡ್ಡು ಖರ್ಚು ಮಾಡಿ ಒಮಾನಕ್ಕ ಹೋಗಿ ಉಳ್ಳಾಗಡ್ಡಿ ಸುಡೋದು ಕಲ್ತು ಬಂದಿ. ನಮ್ಮ ಮನ್ಯಾಗ ನಾ ದಿನಾ ಸುಡತೀನಿ, ಯಾರೂ ವಿಮಾನ ಹತ್ತಿ ಬರಲಿಲ್ಲ ನೋಡಾಕ."

ನಿಂಬೆಯನ್ನು ಉಮ್ ಸಾಲಿಂ ಹಾಗೆಯೇ ಕಲ್ಲಿನಿಂದ ಒಡೆದೆ. ಅಕ್ಕನ ಜೊತೆ ವಾದಿಸುವ ಭರದಲ್ಲಿ ಬೀಜ ತೆಗೆಯುವುದು ಮರೆತೆ. ಅರ್ಧ ಗಂಟೆಯ ಮೇಲೆ ರುಚಿ ನೋಡಿದರೆ ಬೇವಿನ ಕಷಾಯ. ಇಡೀ ಪಾತ್ರೆ ಹೋಯಿತು. ಮೀನು ಪುಣ್ಯಕ್ಕೆ ಬೇರೆ ಇತ್ತು. ತಲೆ ಎರಡು ಉಳಿದಿದ್ದವು. ಮತ್ತೆ ನೀರಿಟ್ಟು, ಮತ್ತೆ ಉಳ್ಳಾಗಡ್ಡಿ ಹೆಚ್ಚಿ, ಎರಡನೆಯ ನಿಂಬೆಯನ್ನು ಕಲ್ಲಿನ ಮೇಲಿಟ್ಟೆ.

"ತಡಿ, ತಡಿ. ಹಂಗ ಹೊಡಿಬ್ಯಾಡ." ಅಕ್ಕ ಎದ್ದು ಒಳಗೆ ಹೋದಳು. ಬಂದಾಗ ಅವಳ ಕೈಯಲ್ಲಿ ಆಯಿಯ ದಬ್ಬಣ ಇತ್ತು. ಆಯಿ ಸತ್ತ ಮೇಲೆ ಅಕ್ಕ ಇಟ್ಟುಕೊಂಡದ್ದು ಅದೊಂದೇ. ಅಕ್ಕಿಚೀಲದ ಬಾಯಿ ಹೊಲಿಯಲು ಈಗಲೂ ಬಳಸುತ್ತಾಳೆ. ನಿಂಬೆಯನ್ನು ಎಡಗೈ ಬೆರಳುಗಳಲ್ಲಿ ಹಿಡಿದು, ತೊಟ್ಟಿನ ಕಡೆಯಿಂದ ದಬ್ಬಣ ಇಟ್ಟು, ತಿರುಗಿಸದೆ ನೇರವಾಗಿ ಒತ್ತಿ ಆಚೆಗೆ ಹೊರಡಿಸಿದಳು. ಇನ್ನೊಂದನ್ನೂ ಹಾಗೆಯೇ.

ನಾನು ಸೌಟು ಹಿಡಿದು ನಿಂತೇ ಇದ್ದೆ.

"ಇದು ಯಾರು ಹೇಳಿಕೊಟ್ರು ನಿನಗ?"

"ಇದನ್ನೂ ಹೇಳಿಕೊಡಬೇಕೇನು? ಒಡದ್ರ ಬೀಜ ಕಹಿ ಬಿಡ್ತಾವ. ಚುಚ್ಚಿದ್ರ ಹುಳಿ ಅಷ್ಟ ಬರತದ."

"ಕರಿ ನಿಂಬಿ ಮೊದಲು ಎಲ್ಲರ ನೋಡೀಯೇನು?"

"ಎಲ್ಲಿ ನೋಡ್ಲಿ? ಉಳ್ಳಾಗಡ್ಡಿ ನೋಡು, ಹೊತ್ತತದ."

ಅವಳು ನೋಡಿಲ್ಲವೆಂದರೆ ನಂಬಬೇಕು. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಆಯಿಯ ಜೊತೆ ಗಂಜಿಗೆ ಅವಳೂ ಹೋಗುತ್ತಿದ್ದಳು. ಆಯಿಯ ಕೈ ಹೇಗೆ ಆಡುತ್ತಿತ್ತೆಂದು ಅವಳ ಕೈಗೆ ಗೊತ್ತಿರಬಹುದು. ಅಥವಾ ಅದು ಬರೀ ಅಡುಗೆ ಬಲ್ಲವಳ ಜಾಣತನ ಇರಬಹುದು. ಎರಡರಲ್ಲಿ ಯಾವುದು ಎಂದು ತಿಳಿಯಲು ನನ್ನ ಹತ್ತಿರ ಉಪಕರಣವಿರಲಿಲ್ಲ.

ಅನ್ನ ಕಂದಗೆ, ಉದುರುದುರಾಗಿ ಬಂತು. ಹುಳಿ, ಹುಳಿಯ ಹಿಂದೆ ಸಣ್ಣಗೆ ಕಹಿ. ಸಲಾಲಾದಲ್ಲಿ ಆ ಕಹಿ ಇರಲಿಲ್ಲ. ಅಕ್ಕ ತುತ್ತು ಬಾಯಿಗಿಟ್ಟು, ಉಪ್ಪು ಕಡಿಮಿ ಅಂದಳು. ಎರಡು ಸಲ ಹಾಕಿಸಿಕೊಂಡಳು. ಸಾಲಿನ ಬಗ್ಗೆ ಮಾತು ತೆಗೆಯಲಿಲ್ಲ. ನಾನು ಎದ್ದು ಹೊರಡುವಾಗ ಅಂದಳು: "ಬಾಯಿಗೆ ರುಚಿ ಹತ್ತಿದ್ದು ಪುರಾವೆ ಅಲ್ಲ, ತಿಳೀತೇನು?"

ಪಾತ್ರೆಯಿಂದ ತೆಗೆದ ಎರಡು ನಿಂಬೆಗಳನ್ನು ತೊಳೆದು ಅವಳೇ ಮಾಳಿಗೆಯ ಮೇಲೆ ಒಣಗಲು ಇಟ್ಟಳು.

ದೇವದುರ್ಗ

ಗಬ್ಬೂರು ದಾಟುವಾಗ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಪಕ್ಕದವರ ಹತ್ತಿಚೀಲ ನನ್ನ ಮಡಿಲಲ್ಲಿ. ಸಲಾಲಾದಲ್ಲಿ ಇಪ್ಪತ್ತು ಜನ ಕೂರುವ ಬಸ್ಸಿನಲ್ಲಿ ನಾಲ್ಕೇ ಜನರ ಜೊತೆ ಕುಳಿತಾಗ ಬಸ್ಸು ತಪ್ಪಿರಬೇಕೆಂದು ಮೂರು ಸಲ ಕೇಳಿದ್ದೆ. ಇಲ್ಲಿ ಆ ಅನುಮಾನಕ್ಕೆ ಆಸ್ಪದವಿಲ್ಲ.

ಜೈನಬ್‌ಬಿ ಅರವತ್ತೈದರ ಸುಮಾರಿನ ಹೆಂಗಸು. ಗಿರಾಕಿಯ ಕೈಗೆ ಬಳೆ ಏರಿಸುತ್ತಲೇ ನನ್ನ ಮಾತು ಕೇಳಿದಳು. ರಾಯಚೂರು, ಅಂದ್ರೂನ್ ಕಿಲ್ಲಾ ಎಂದು ಕಿವಿಗೆ ಬಿದ್ದ ಕೂಡಲೇ ಮುಖ ಬಿಗಿಯಿತು.

"ಆ ಜಾಗದ ಕಾಗದ ಒಂದೂ ನನ್ನ ಹತ್ರ ಇಲ್ರೀ. ನನ್ನ ತಮ್ಮನ್ನ ಕೇಳ್ರಿ."

"ಜಾಗಕ್ಕ ಬಂದಿಲ್ಲ ಯವ್ವಾ. ಅನ್ನಕ್ಕ ಬಂದೀನಿ."

ಅವಳು ಮೊದಲ ಸಲ ತಲೆಯೆತ್ತಿದಳು. ಕಂದು ಅನ್ನ, ಮೇಲೆ ಮೀನು, ಎಂದಷ್ಟೇ ಹೇಳಿದೆ.

"ಸಯಾದಿಯಾ!" ಅಂದಳು. "ಅದನ್ನ ನೀವು ಎಲ್ಲಿ ಉಂಡ್ರಿ?"

"ಅದನ್ನs ಕೇಳಾಕ ಬಂದೀನಿ. ನಿಮ್ಮ ಮನ್ಯಾಗ ಅದನ್ನ ಮಾಡ್ತಿದ್ದವರು ಯಾರು?"

"ನಮ್ಮ ಅಮ್ಮಿ. ಮತ್ಯಾರ ಮಾಡ್ತಾರ? ಬ್ಯಾರೆಯವರ ಕೈಯಾಗ ಚಮಚ ಕೊಡ್ತಿದ್ದಿಲ್ಲ. ನನ್ನ ಕೈಯಾಗೂ ಕೊಡ್ತಿದ್ದಿಲ್ಲ. ಅದಕs ನನಗ ಇವತ್ತಿಗೂ ಬರಂಗಿಲ್ಲ."

ಆಯಿ ಮಾಡಲಿಲ್ಲ. ಅಲ್ಲಿಗೆ ಅದು ಮುಗಿಯಿತು. ಐದು ದಶಕ ಹೊತ್ತುಕೊಂಡದ್ದು ಬಳೆ ಅಂಗಡಿಯ ಸ್ಟೂಲಿನ ಮೇಲೆ ಅರ್ಧ ನಿಮಿಷದಲ್ಲಿ ಇಳಿಯಿತು. ಏಳಲು ಚೀಲ ತೆಗೆದುಕೊಂಡೆ. ಆಗ ಜೈನಬ್‌ಬಿ ತನ್ನಷ್ಟಕ್ಕೆ ಹೇಳತೊಡಗಿದಳು.

"ಅಮ್ಮೀಗೆ ಕಷ್ಟ ಆಗ್ತಿದ್ದದ್ದು ನಿಂಬಿದು. ಬ್ಯಾಸಗ್ಯಾಗ ಎರಡು ಗೋಣಿ ತರಸ್ತಿದ್ರು ಅಬ್ಬಾ. ಉಪ್ಪುನೀರಾಗ ಕುದಿಸಿ ಮಾಳಗಿ ಮ್ಯಾಲ ಹಾಕೋದು. ಅರ್ಧ ಒಣಗಿ ಸಿಪ್ಪಿ ಗಟ್ಟಿ ಆದ ಮ್ಯಾಲ ಚುಚ್ಚಬೇಕು, ಇಲ್ಲಂದ್ರ ಒಳಗ ಪಸಿ ಉಳಿದು ಕೆಡತಾವ. ಸಣ್ಣ ಸೂಜಿ ಮುರೀತಿದ್ವು. ಅದಕ ಗಂಜಿನಿಂದ ಒಬ್ಬಾಕಿ ಗೋಣಿ ಹೊಲಿಯೋ ಯವ್ವನ್ನ ಕರಸ್ತಿದ್ರು. ಪ್ರತಿ ವರ್ಷ ಆಕೀನs. ಎರಡು ದಿನ ಕೂತು ಎಲ್ಲಾ ಚುಚ್ಚಿ ಹೋಗ್ತಿದ್ಲು. ವರ್ಷಾನಗಟ್ಟಲೆ ಅದs ನಿಂಬಿ ಉಂಡೀವಿ ನಾವು."

ನಾನು ಚೀಲ ಕೆಳಗಿಟ್ಟೆ.

"ಹೆಸರೇನು ಆಕೀದು?"

"ಹೆಸರು? ಯವ್ವಾ ಅಂತಿದ್ವಿ."

"ನಮ್ಮ ಆಯಿನೂ ಗಂಜಿನ್ಯಾಗ ಗೋಣಿ ಹೊಲೀತಿದ್ಲು. ನಿಮ್ಮಲ್ಲಿ ಬರ್ತಿದ್ದಾಕಿ ನಿಮ್ಮ ಜೋಡಿ ಕೂತು ಉಣ್ತಿದ್ಲೇನು?"

"ನಮ್ಮ ಮನ್ಯಾಗ ತಾಟು ಒಂದs. ಬಂದಾಕೀನ್ನ ಉಣಲಾರದ ಕಳಸ್ತಿದ್ದಿಲ್ಲ ಅಬ್ಬಾ. ಆದ್ರ ಆಕಿ ನಿಮ್ಮ ಆಯಿ ಹೌದೋ ಅಲ್ಲೋ, ನಾ ಹೆಂಗ ಹೇಳಲಿ? ಗಂಜಿನ್ಯಾಗ ಗೋಣಿ ಹೊಲಿಯೋರು ಒಬ್ಬರs ಇದ್ರೇನು?"

"ನಿಮ್ಮ ಅಬ್ಬಾಗ ಕೆಂಪು ಗಡ್ಡ ಇತ್ತೇನು?"

"ಆಗಿನ ಮುದುಕರೆಲ್ಲಾ ಮದರಂಗಿ ಹಚ್ಚತಿದ್ರು," ಎಂದು ನಕ್ಕಳು. ಸಾಕ್ಷಿಯಾಗಿ ಇಷ್ಟು ಒಳ್ಳೆಯವಳನ್ನು ನಾನು ಕಂಡಿಲ್ಲ. ನನಗೆ ಬೇಕಾದದ್ದನ್ನು ಒಂದೂ ಹೇಳಲಿಲ್ಲ.

ಹೊರಡುವಾಗ ತಡೆದಳು. ಒಳಗೆ ಹೋಗಿ ಟ್ರಂಕು ಸದ್ದು ಮಾಡಿ ಬಂದು ಅಂಗೈ ಚಾಚಿದಳು. ಕಲ್ಲಿನಂಥ ಕರಿ ನಿಂಬೆ. "ಅಮ್ಮಿ ಮದುವಿ ಸೀರಿ ನಡುವ ಇಡ್ತಿದ್ಲು, ಹುಳ ಹತ್ತಬಾರದಂತ. ಮೂರು ಉಳದಾವ. ಒಂದು ನೀವು ಒಯ್ರಿ. ತಿನಬ್ಯಾಡ್ರಿ ಮತ್ತ."

ತೊಟ್ಟಿನ ಕಡೆಗೆ ಒಂದು ತೂತು ಇತ್ತು.

ಮತ್ತೆ ಮಾನ್ವಿ

ಅಕ್ಕನಿಗೆ ಎಲ್ಲವನ್ನೂ ಹೇಳಿದೆ. ಆಯಿ ಅಡುಗೆ ಮಾಡಲಿಲ್ಲ, ತಾಟಿನ ಮಾತು ಖಾತ್ರಿಯಿಲ್ಲ, ಹೆಸರು ಗೊತ್ತಿಲ್ಲ. ಅವಳು ನಿಂಬೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ಮಾಳಿಗೆಯ ಮೇಲೆ ಒಣಗಿಸಿ ಡಬ್ಬಿಗೆ ಹಾಕಿಟ್ಟಿದ್ದ ತನ್ನ ಎರಡನ್ನೂ ತಂದು ಅದರ ಪಕ್ಕದಲ್ಲಿಟ್ಟಳು. ಭೂತಗನ್ನಡಿ ನನ್ನ ಕೈಗೆ ಕೊಟ್ಟಳು. "ನೀ ನೋಡು. ನೀನs ಅಲ್ಲೇನು ಅನುಮಾನದ ಮನುಷ್ಯ."

ನೋಡಿದೆ. ಏನು ಕಂಡೆನೆಂದು ಕಡೆಗೆ ಹೇಳುತ್ತೇನೆ. ಅವತ್ತು ಅಕ್ಕನಿಗೆ ಇಷ್ಟೇ ಅಂದೆ: "ಅವಸರ ಬ್ಯಾಡ. ಇನ್ನೊಂದು ದಬ್ಬಣದ ಜೋಡಿ ತಾಳೆ ನೋಡಬೇಕು."

"ನೋಡು. ದಸರಿಗೆ ಇನ್ನೂ ಹನ್ನೆರಡು ದಿನ ಅದ."

ದಸರೆಯ ದಿನ ರಾಯಚೂರಿನ ಕೇರಿಯಲ್ಲಿ ಓದುವ ಕೋಣೆ ತೆರೆಯಿತು. ಗೋಡೆಯ ಮೇಲೆ ಆಯಿಯ ಹತ್ತು ಸಾಲು, ನೀಲಿ ಬಣ್ಣದಲ್ಲಿ. ಏಳನೆಯದನ್ನು ಅಕ್ಕ ತಿದ್ದಿದ್ದಳು: "ಒಂದು ಮನೆಯವರನ್ನು ಬಿಟ್ಟರೆ, ನಮ್ಮ ಆಯಿಯ ಕೈ ಮುಟ್ಟಿದ್ದನ್ನು ಕೇರಿಯ ಹೊರಗೆ ಯಾರೂ ಉಣ್ಣಲಿಲ್ಲ."

"ಒಂದು ಮನಿ ಹಿಂದ ಅಡಗಿಕೊಂತಾರ ಅಂತಿದ್ದಿಯಲ್ಲಾ?" ಎಂದು ಕೇಳಿದೆ.

"ಎಲ್ಲಿ ಅಡಗತಾರ?" ಅಂದಳು. "ಆ ಮನಿಯವರಿಗೆ ಉಣ್ಣಾಕ ಬಂತು. ಉಳಿದವರಿಗ್ಯಾಕ ಬರಲಿಲ್ಲ ಅಂತ ಓದಿದ ಹುಡುಗೇರು ಕೇಳತಾರ. ಈಗ ಅಡಗಾಕ ಜಾಗಾನs ಇಲ್ಲ."

ಜೈನಬ್‌ಬಿ ದೇವದುರ್ಗದಿಂದ ಬಂದಿದ್ದಳು. ಆ ಸಾಲನ್ನು ಮೊಮ್ಮಗಳಿಂದ ಓದಿಸಿಕೊಂಡು ಕೇಳಿದಳು. ಊಟಕ್ಕೆ ಅಕ್ಕ ಕರಿ ಅನ್ನ ಮಾಡಿದ್ದಳು, ದೊಡ್ಡ ತಾಟಿನಲ್ಲಿ. ಉಪ್ಪು ಸರಿಯಾಗಿತ್ತು, ಬೆಳ್ಳುಳ್ಳಿ ಹೆಚ್ಚಾಗಿತ್ತು.

ಆ ಅಂಗಳ, ಆ ಗಡ್ಡ, ಒಂದೇ ತಾಟಿನಲ್ಲಿ ಇಳಿದ ಕೈಗಳು, ಇವನ್ನು ನಾನು ಇನ್ನೂ ನಂಬುವುದಿಲ್ಲ. ಪರೀಕ್ಷಿಸಿ ನೋಡಿದ್ದು ಒಂದೇ. ಗಂಜಿನಲ್ಲಿ ಕೊಂಡ ಹೊಸ ದಬ್ಬಣದ ತುದಿಗೆ ಮೂರು ಅಂಚು, ಮೂರೂ ಚೂಪು. ಅದು ನಿಂಬೆಯಲ್ಲಿ ಕೊರೆಯುವ ತೂತಿಗೂ ಮೂರು ಚೂಪು ಮೂಲೆ. ಆಯಿಯ ದಬ್ಬಣದ ಒಂದು ಅಂಚು ಯಾವುದೋ ಕಾಲದಲ್ಲಿ ಮುರಿದು ಮೊಂಡಾಗಿದೆ. ಅಕ್ಕ ಅದರಿಂದ ಚುಚ್ಚಿದ ಎರಡೂ ನಿಂಬೆಯ ತೂತಿಗೆ ಎರಡು ಮೂಲೆ ಚೂಪು, ಒಂದು ಮೊಂಡು. ಜೈನಬ್‌ಬಿಯ ಟ್ರಂಕಿನ ನಿಂಬೆಗೂ ಎರಡು ಮೂಲೆ ಚೂಪು, ಒಂದು ಮೊಂಡು.